ಮಧ್ಯಾಹ್ನ ಒಂದು ಹತ್ತರ ಕಡತಗಳು

ನಾನು ಕಂಪ್ಯೂಟರ್ ರಿಪೇರಿ ಮಾಡುವವನು, ಕಂಡದ್ದನ್ನಷ್ಟೇ ಹೇಳುತ್ತೇನೆ. ಅಕ್ಕನ ಫೋಟೊ ಸ್ಟುಡಿಯೊದ ಕಂಪ್ಯೂಟರ್‌ನಲ್ಲಿ ಜಾಗ ತುಂಬಿಹೋಗಿತ್ತು. ಮೂರು ವರ್ಷದ ಹಿಂದೆ ತೆಗೆದುಹಾಕಿದ್ದ ಆಂಟಿವೈರಸ್‌ನ ಕ್ವಾರಂಟೈನ್ ಫೋಲ್ಡರ್, ಅಂದರೆ ಅನುಮಾನ ಬಂದ ಕಡತಗಳನ್ನು ಅದು ಕೂಡಿಹಾಕುತ್ತಿದ್ದ ಜಾಗ, ಹಾಗೇ ಉಳಿದಿತ್ತು. ಒಳಗೆ ಸಾವಿರಕ್ಕೂ ಹೆಚ್ಚು ಕಡತಗಳು. ದಿನಕ್ಕೊಂದರಂತೆ, ಎಲ್ಲವೂ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಸೇರಿದವು. ಕೊನೆಯದು ನಿನ್ನೆಯದು.

“ಆ ಹೊತ್ತಿಗೆ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಹೋಗಿರ್ತೀನಿ ಕಣೋ,” ಎಂದಳು ಅಕ್ಕ.

ಒಂದನ್ನು ತೆರೆದೆ. ಇದೇ ಕೋಣೆಯ ಫೋಟೊ. ಗಿರಾಕಿಗಳು ಕೂರುವ, ತಿರುಗಿಸಿದರೆ ಏರಿಳಿಯುವ ಸ್ಟೂಲು ಖಾಲಿಯಿತ್ತು. ಅದನ್ನು ಮಕ್ಕಳನ್ನು ಕೂರಿಸುವ ಎತ್ತರಕ್ಕೆ ಏರಿಸಲಾಗಿತ್ತು. ಇನ್ನೂ ಹತ್ತು ತೆರೆದೆ. ಎಲ್ಲದರಲ್ಲೂ ಅದೇ ಎತ್ತರ.

“ಆ ಸ್ಟೂಲು ಕೆಳಗಿಳಿದಲ್ಲೇ ತುಕ್ಕು ಹಿಡಿದು ಎಷ್ಟೋ ವರ್ಷ ಆಯ್ತು. ನಿನ್ನ ಭಾವ ಜೋತುಬಿದ್ರೂ ತಿರುಗಲ್ಲ. ಅಳಿಸಿ ಹಾಕು ಪುಣ್ಯಾತ್ಮ, ಇಲ್ಲಿ ಇಡೀ ದಿನ ಒಬ್ಬಳೇ ಕೂರೋಳು ನಾನು.”

ಆಂಟಿವೈರಸ್ಸೇ ಇಲ್ಲದ ಮೇಲೆ ಇವನ್ನು ಹಿಡಿದು ಕೂಡಿಹಾಕುತ್ತಿದ್ದದ್ದು ಯಾವುದು ಎಂದು ನಾನು ಯೋಚಿಸಬೇಕಿತ್ತು. ಯೋಚಿಸದೆ ಇಡೀ ಫೋಲ್ಡರನ್ನು ಅಳಿಸಿದೆ.

ಮರುದಿನ ಒಂದೂವರೆಗೆ ಅಕ್ಕನ ಫೋನ್ ಬಂತು. ಹೊಸ ಕಡತ ಯಾವುದೂ ಸೇರಿರಲಿಲ್ಲ.

“ಸ್ಟೂಲು ಮೇಲಕ್ಕೆದ್ದಿದೆ ಕಣೋ,” ಎಂದಳು. “ಕೂರೋ ಜಾಗ ಬೆಚ್ಚಗಿದೆ.”

ಇದಾಗಿ ಐದು ತಿಂಗಳು. ಕಂಪ್ಯೂಟರ್‌ನಲ್ಲಿ ಈಗ ಬೇಕಾದಷ್ಟು ಜಾಗವಿದೆ. ಅಕ್ಕ ಊಟ ಮುಗಿಸಿ ಬಂದರೂ ಎರಡು ಗಂಟೆಯವರೆಗೆ ಬೀದಿಯಲ್ಲೇ ನಿಲ್ಲುತ್ತಾಳೆ. ಆಮೇಲೆ ಒಳಗೆ ಹೋಗಿ, ದೀಪ ಹಾಕಿ, ಸ್ಟೂಲನ್ನು ಕೆಳಗಿಳಿಸುತ್ತಾಳೆ. ಅದು ಈಗ ಸಲೀಸಾಗಿ ತಿರುಗುತ್ತದೆ.