ಸಾವಿರ ಕಣ್ಣಿನ ನವಿಲೂ ಮೂರು ಕುಡಿಕೆಯೂ

ಬಹಳ ಹಿಂದೆ, ಹಕ್ಕಿಗಳು ಮಾತಾಡುತ್ತಿದ್ದವು, ಮನುಷ್ಯರು ಕೇಳಿಸಿಕೊಳ್ಳುತ್ತಿದ್ದರು ಅನ್ನುವ ಕಾಲದಲ್ಲಿ, ಏಳು ಬೆಟ್ಟಗಳಾಚೆ ಕಂಕಣಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಅರಮನೆಗಿಂತ ದೊಡ್ಡ ಕಟ್ಟಡವೆಂದರೆ ರಸಶಾಲೆ. ಅದರ ಬೆಂಕಿಕೋಣೆಯಲ್ಲಿ ಲೋಹ ಕರಗಿಸಿ ಅದರ ಗುಣ ತಿಳಿಯುತ್ತಿದ್ದರು. ಬೆಳಕಿನ ಕೋಣೆಯಲ್ಲಿ ಗಾಜು ಉಜ್ಜಿ ಬರಿಗಣ್ಣಿಗೆ ಕಾಣದ್ದನ್ನು ಕಾಣುತ್ತಿದ್ದರು. ಜೀವಕೋಣೆಯಲ್ಲಿ ಬೇರು, ನೆತ್ತರು, ಉಸಿರು ಪರೀಕ್ಷಿಸಿ ಮದ್ದು ಹುಡುಕುತ್ತಿದ್ದರು. ಅಲ್ಲಿಯ ಜನ ಬಹಳ ಬುದ್ಧಿವಂತರು. ಆದರೆ ಅವರದೊಂದು ಪದ್ಧತಿಯಿತ್ತು: ಮದ್ದು ಮಾಡಿದವರೇ ಅದರ ಫಲವನ್ನೂ ನೋಡಿ ತೀರ್ಪು ಹೇಳಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಗಾದೆ ಆ ಊರಿಗೆ ಇನ್ನೂ ತಲುಪಿರಲಿಲ್ಲವೋ ಏನೋ.

ಜೀವಕೋಣೆಯಲ್ಲಿ ಕೇತಕಿ ಎಂಬ ಹೆಣ್ಣುಮಗಳು ಕೆಲಸಕ್ಕಿದ್ದಳು. ತಂದೆತಾಯಿ ಇಲ್ಲ. ತುಂಬೆ ಎಂಬ ಪುಟ್ಟ ತಂಗಿಯೊಬ್ಬಳೇ ಅವಳ ಲೋಕ. ಆ ವರ್ಷ ಊರಿಗೆ ಕಲ್ಲುರೋಗ ಬಂತು. ಮೊದಲು ಬೆರಳ ತುದಿ ಕಲ್ಲಾಗುತ್ತದೆ, ಆಮೇಲೆ ಕೈ, ಆಮೇಲೆ ಹೆಗಲು, ಎದೆಗೆ ಬಂದರೆ ಮುಗಿಯಿತು. ತುಂಬೆಯ ಕಿರುಬೆರಳು ಕಲ್ಲಾದ ದಿನ ಕೇತಕಿ ಊಟ ಬಿಟ್ಟಳು.

ಮಕ್ಕಳಿಲ್ಲದ ರಾಜ ಧರಣೀಧರ, ರೋಗ ವಾಸಿ ಮಾಡಿದವರಿಗೆ ಸಿಂಹಾಸನವನ್ನೇ ಬಿಟ್ಟುಕೊಡುತ್ತೇನೆಂದು ಡಂಗುರ ಸಾರಿಸಿದ. ಸಾರಿಸಿದ್ದೇ ತಡ, ಇಂಗಳಿಕ ಎಂಬ ಮಾಂತ್ರಿಕ ಬಂದ. ಕೈಯಲ್ಲಿ ಕೆಂಪು ನೀರಿನ ಕೊಡ, ಜೊತೆಗೆ ಒಂದು ನವಿಲು. ಆ ನವಿಲಿನ ಗರಿಯ ಮೇಲಿದ್ದ ಸಾವಿರ ಕಣ್ಣುಗಳು ನಿಜವಾದ ಕಣ್ಣುಗಳು, ರೆಪ್ಪೆ ಬಡಿಯುತ್ತಿದ್ದವು. ಕೋಟೆಯ ಮೇಲೆ ನಿಂತು ಅದು ಗರಿ ಬಿಚ್ಚಿತೆಂದರೆ, ಊರಿನಲ್ಲಿ ಯಾರು ಏನು ಬಯಸುತ್ತಾರೋ ಅದೇ ಅವರಿಗೆ ಕಾಣುತ್ತಿತ್ತು, ಅದೇ ಕೇಳುತ್ತಿತ್ತು, ಮುಟ್ಟಿದರೂ ಅದೇ ಅನ್ನಿಸುತ್ತಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. ಕೆಂಪು ನೀರು ಕುಡಿದ ಮಗನ ಕೈ ಮೆತ್ತಗಾಯಿತೆಂದು ತಾಯಿ ಕುಣಿದಾಡುತ್ತಿದ್ದಳು. ಮಗ ಪೂರ್ತಿ ಕಲ್ಲಾದ ಮೇಲೆ, ಪಾಪ, ಸುಖವಾಗಿ ಮಲಗಿದ್ದಾನೆಂದು ಹೊದಿಸುತ್ತಿದ್ದಳು.

ಕೇತಕಿಗೆ ಕಂಡವರ ನೀರಿನ ಮೇಲೆ ನಂಬಿಕೆಯಿಲ್ಲ. ತಾನೇ ಮದ್ದು ಮಾಡಲು ಹೊರಟಳು. ಬೆಂಕಿಕೋಣೆಯಲ್ಲಿ ತಾಮ್ರ ಸುಟ್ಟು ಭಸ್ಮ ಮಾಡಿದಳು, ಕೆರೆಯ ನೀರಿನಲ್ಲಿ ಅರೆದು ತಂಗಿಗೆ ಕುಡಿಸಿದಳು. ಸಂಜೆ ನೋಡುತ್ತಾಳೆ, ಕಿರುಬೆರಳು ಹೂವಿನ ಹಾಗೆ ಬಾಗಿತು. ತಂಗಿಯನ್ನು ಎತ್ತಿಕೊಂಡು ರಸಶಾಲೆಯೆಲ್ಲ ಸುತ್ತಿ ಬಂದಳು.

ಮಾರನೆಯ ದಿನ ಕುಂಬಾರತಿ ಸಂಕವ್ವ ಮೂಸೆಗಳನ್ನು ಹೊತ್ತುಕೊಂಡು ಬಂದಳು. ಲೋಹ ಕರಗಿಸುವ ಮಣ್ಣಿನ ಪುಟ್ಟ ಪಾತ್ರೆಗೆ ಅಲ್ಲಿ ಮೂಸೆ ಅನ್ನುತ್ತಾರೆ. ಬಂದವಳೇ ಜಗಳಕ್ಕೆ ನಿಂತಳು.

"ನಿನ್ನೆ ಸಂಜೆ ಹಸಿ ಮೂಸೆಗಳನ್ನ ಜಗಲಿ ಮೇಲೆ ಇಟ್ಟಿದ್ದೆ. ಯಾವ ಪುಣ್ಯಾತ್ಮರು ಅದಕ್ಕೆ ಕಲ್ಲು ಒತ್ತಿ ಹಾಳು ಮಾಡಿದ್ರು? ನೋಡವ್ವ, ಇಲ್ಲಿ."

ಕೇತಕಿ ನೋಡಿದಳು. ಅವಳಿಗೆ ಕಂಡಿದ್ದು ಬೆರಳಿನ ಗುರುತು, ಗೆರೆಗಳೂ ಇದ್ದವು. "ಕಲ್ಲಲ್ಲವಲ್ಲ, ಬೆರಳು," ಅಂದಳು.

"ಬೆರಳಾದ್ರೆ ಗೆರೆ ಇರಬೇಡವೇ? ಇದು ನುಣ್ಣಗಿದೆ. ಮಣ್ಣು ತುಳಿದು ಮುದುಕಿಯಾದೋಳಿಗೆ ಅಷ್ಟೂ ಗೊತ್ತಾಗಲ್ವಾ?"

ಬಾಗಿಲ ಸಂದಿಯಿಂದ ತುಂಬೆ ಮೆಲ್ಲಗೆ ಹೇಳಿದಳು: "ಅಕ್ಕಾ, ಒತ್ತಿದ್ದು ನಾನೇ. ಬೆರಳು ವಾಸಿಯಾಯ್ತಲ್ಲ, ಅದಕ್ಕೆ." ತುಂಬೆಯ ಮುಖ ನೋಡಿದ್ದೇ ಸಂಕವ್ವ ಮತ್ತೆ ಮೂಸೆಯತ್ತ ತಿರುಗಿ, "ಅರೆ, ಗೆರೆ ಇದಾವಲ್ಲ, ನನ್ನ ಕಣ್ಣಿಗೆ ಏನಾಗಿತ್ತು," ಅಂದಳು. ಕೇತಕಿ ಆ ಮೂಸೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಂಗಿಯ ಕೈ ಹಿಡಿದಳು.

ಅವಳು ನೇರ ಬೆಳಕಿನ ಕೋಣೆಗೆ ಹೋದಳು. ರಸಶಾಲೆಯ ಹಿರಿಯ ಅಗ್ನಿದತ್ತ ಅಲ್ಲಿ ದೊಡ್ಡ ಗಾಜಿನ ಮುಂದೆ ಕೂತಿದ್ದ. ತುಂಬೆಯ ಬೆರಳನ್ನು ಗಾಜಿನಡಿ ಇಟ್ಟು ನೋಡಿ ನಕ್ಕ.

"ಗುಣವಾಗಿದೆ ಕಣಮ್ಮ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ಕೇತಕಿ ತಂಗಿಯನ್ನು ಹೊರಗೆ ಕಳಿಸಿ, ಸೆರಗಿನಿಂದ ಮೂಸೆ ತೆಗೆದಳು. ಯಾರದು, ಏನು ಎತ್ತ ಒಂದೂ ಹೇಳಲಿಲ್ಲ. "ಇದರ ಮೇಲಿನ ಗುರುತು ಯಾವುದರದು, ಅಯ್ಯಾ?"

ಅಗ್ನಿದತ್ತ ಅದೇ ಗಾಜು ಹಿಡಿದ. "ಕಲ್ಲು ಒತ್ತಿದ ಗುರುತು," ಅಂದ.

ಅದೇ ಮನುಷ್ಯ, ಅದೇ ಗಾಜು. ಗೊತ್ತಿದ್ದಾಗ ಒಂದು ಕಂಡಿತು, ಗೊತ್ತಿಲ್ಲದಾಗ ಇನ್ನೊಂದು. ಕೇತಕಿ ಅಲ್ಲೇ ಕೂತು ಅತ್ತಳು. ತಂಗಿ ಗುಣವಾಗಿಲ್ಲ ಅನ್ನುವುದಕ್ಕೆ ಅತ್ತಳು, ತನ್ನ ಪ್ರೀತಿಯೇ ತನಗೆ ಮೋಸಮಾಡಿತಲ್ಲ ಅನ್ನುವುದಕ್ಕೂ ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ದಾರಿ ಕಂಡಿತು. ಏನು ಬಯಸಬೇಕೆಂದು ಗೊತ್ತಿಲ್ಲದವರ ಮುಂದೆ ಈ ಮಾಯೆ ಸಾಗದು.

ಅವಳು ರಾಜನ ಬಳಿ ಹೋಗಿ, ಹುಣ್ಣಿಮೆಗೆ ಇಂಗಳಿಕನ ಪಟ್ಟಾಭಿಷೇಕ ಎಂದಿದ್ದೀರಿ, ಅದಕ್ಕೆ ಮೊದಲು ಒಂದು ಪರೀಕ್ಷೆ ನಡೆಯಲಿ ಎಂದು ಬೇಡಿಕೊಂಡಳು. ರಾಜ ಒಪ್ಪಿದ. ಇಂಗಳಿಕ ಮೀಸೆಯಡಿಯಲ್ಲೇ ನಕ್ಕು ಒಪ್ಪಿದ.

ಮೂರು ಬಗೆಯ ಕುಡಿಕೆಗಳು. ಒಂದರಲ್ಲಿ ಇಂಗಳಿಕನ ಕೆಂಪು ನೀರು, ಒಂದರಲ್ಲಿ ಕೇತಕಿಯ ಮದ್ದು, ಇನ್ನೊಂದರಲ್ಲಿ ಬರಿ ನೀರು. ರಸಶಾಲೆಯಲ್ಲಿ ಬರಿ ನೀರೆಂದರೆ ಕೆರೆಯದಲ್ಲ, ಬೆಂಕಿಕೋಣೆಯಲ್ಲಿ ಕಾಯಿಸಿ ಆವಿ ಹಿಡಿದು ಇಳಿಸಿದ ನೀರು. ಮೂರಕ್ಕೂ ಒಂದೇ ಬಣ್ಣ ಕಟ್ಟಿದರು, ಒಂದೇ ಬೇವಿನ ಕಹಿ ಸೇರಿಸಿದರು. ಅಗ್ನಿದತ್ತ ಒಬ್ಬನೇ ಕೂತು ಒಂದರ ಮೇಲೆ ಮೀನು, ಒಂದರ ಮೇಲೆ ಶಂಖ, ಒಂದರ ಮೇಲೆ ತಾವರೆ ಕೆತ್ತಿದ. ಯಾವುದಕ್ಕೆ ಯಾವುದೆಂದು ಅವನಿಗೆ ಮಾತ್ರ ಗೊತ್ತು. ಕೆತ್ತಿದವನೇ ಕೋಣೆಯೊಳಗೆ ಹೋಗಿ ಅಗಳಿ ಹಾಕಿಕೊಂಡ.

ರೋಗಿಗಳು ಮಡಕೆಯೊಳಗೆ ಕೈಹಾಕಿ ಮಣಿ ಎತ್ತಬೇಕು. ಮಣಿಯ ಮೇಲೆ ಯಾವ ಚಿತ್ರವೋ ಆ ಕುಡಿಕೆ ಅವರದು. ಪರೀಕ್ಷೆ ಮುಗಿಯುವವರೆಗೆ ಬೇರೆ ನೀರು ಮುಟ್ಟುವಂತಿಲ್ಲ. ತುಂಬೆಯ ಸರದಿ ಬಂದಾಗ ಕೇತಕಿ ಕುಡಿಕೆಗಳ ಹತ್ತಿರ ಬಂದು ನಿಂತಳು. ಅವಳ ಮದ್ದು ಅವಳ ತಂಗಿಗೇ ಸಿಗದೆ ಹೋದರೆ? ವಾಸನೆ ನೋಡಿದರೆ ಗೊತ್ತಾಗುತ್ತಿತ್ತು, ಅವಳೇ ಅರೆದದ್ದಲ್ಲವೇ.

"ಅಕ್ಕಾ, ನೀನು ಆಚೆ ಹೋಗು," ಅಂದಳು ತುಂಬೆ. "ನೀನಿದ್ದರೆ ನೋಡೇ ನೋಡ್ತೀಯ."

"ನಿನಗೆ ಬರಿ ನೀರು ಸಿಕ್ಕಿಬಿಟ್ಟರೆ ಏನು ಮಾಡಲೇ?"

"ನೋಡಿದರೆ ಯಾವುದು ಮದ್ದು ಅಂತ ಯಾರಿಗೂ ಗೊತ್ತಾಗಲ್ಲ. ಆಗ ನನಗೂ ಇಲ್ಲ, ಯಾರಿಗೂ ಇಲ್ಲ."

ಕೇತಕಿ ಸೆರಗು ಬಾಯಿಗೆ ತುರುಕಿಕೊಂಡು ಆಚೆ ಹೋದಳು. ಆ ದಿನಗಳನ್ನು ಅವಳು ಹೇಗೆ ಕಳೆದಳೋ ದೇವರೇ ಬಲ್ಲ. ತಂಗಿ ಗೋಡೆಯಾಚೆಗೇ ಇದ್ದಳು, ನೋಡುವ ಹಾಗಿರಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ರೋಗಿಗಳೆಲ್ಲ ಹಸಿ ಮಣ್ಣಿನ ಬಿಲ್ಲೆಯ ಮೇಲೆ ಬೆರಳು ಒತ್ತಿದರು. ಬಿಲ್ಲೆಯ ಹಿಂದೆ ಅವರವರ ಕುಡಿಕೆಯ ಚಿತ್ರ, ಅವರವರ ಗುರುತು. ಬಿಲ್ಲೆಗಳನ್ನು ಸಭೆಗೆ ತಂದು ಸಂಕವ್ವನ ಮುಂದೆ ಸುರಿದರು. ಎಲ್ಲಿಂದ ಬಂದವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಗೆರೆ ಇರೋದು ಈ ಕಡೆ, ನುಣ್ಣಗಿರೋದು ಆ ಕಡೆ. ಅಷ್ಟೇ ತಾನೆ?" ಎಂದು ಅವಳು ಅಕ್ಕಿ ಆರಿಸಿದ ಹಾಗೆ ಆರಿಸಿದಳು. ಆಮೇಲೆ ತಿರುಗಿಸಿ ನೋಡಿದಳು. "ಗೆರೆ ಇರೋವೆಲ್ಲ ಮೀನು. ನುಣ್ಣಗಿರೋವೆಲ್ಲ ಶಂಖ, ತಾವರೆ. ಇದೊಂದರ ಹಿಂದೆ ಪುಟ್ಟ ತುಂಬೆಹೂ ಕೊರೆದಿದಾರೆ. ಇದೂ ಶಂಖವೇ, ನುಣ್ಣಗಿದೆ."

ಕೇತಕಿ ಕಂಬ ಹಿಡಿದುಕೊಂಡಳು. ಅಗ್ನಿದತ್ತನನ್ನು ಕರೆಸಿದರು. ಆರಿಸಿದ್ದು ಹೇಗಾಯಿತೆಂದು ಅವನಿಗೆ ತಿಳಿಯದು, ಕೇಳಿದ್ದಕ್ಕೆ ಉತ್ತರ ಹೇಳಿದ: "ತಾವರೆ ಇಂಗಳಿಕನ ನೀರು. ಶಂಖ ಕೇತಕಿಯ ಮದ್ದು. ಮೀನು ಬರಿ ನೀರು."

ಸಭೆ ಗುಜುಗುಜು ಅಂದಿತು. ಇಂಗಳಿಕ ಸನ್ನೆ ಮಾಡಿದ, ನವಿಲು ಗರಿ ಬಿಚ್ಚಿತು. ಕೇತಕಿಗೆ ಬಾಗಿಲಲ್ಲಿ ತುಂಬೆ ಎರಡು ಕೈಯಿಂದ ಚಪ್ಪಾಳೆ ತಟ್ಟುತ್ತಾ ಬರುವುದು ಕಂಡಿತು.

"ನೋಡು, ನಿನ್ನ ತಂಗಿ," ಎಂದ ಇಂಗಳಿಕ. "ಮುದುಕಿಗೆ ಗೆರೆ ಯಾವುದು, ನುಣುಪು ಯಾವುದು ತಿಳಿಯಲಿಲ್ಲ ಅಂತ ಹೇಳಿಬಿಡು. ನಿನ್ನ ಮದ್ದೂ ಗೆದ್ದಿತು, ನನ್ನ ನೀರೂ ಗೆದ್ದಿತು. ರಾಜ್ಯ ಅರ್ಧ ನಿನಗೆ, ಅರ್ಧ ನನಗೆ."

ಆ ಚಪ್ಪಾಳೆ ಕೇಳುತ್ತಾ ನಿಂತುಬಿಡೋಣ ಅನ್ನಿಸಿತು ಕೇತಕಿಗೆ. ಜೀವಮಾನವೆಲ್ಲ ಅದನ್ನೇ ಕೇಳುತ್ತಾ ಇರಬಹುದಿತ್ತು. ಅವಳು ಕಣ್ಣು ಮುಚ್ಚಿ, ಗಟ್ಟಿಯಾಗಿ ಹೇಳಿದಳು: "ನನ್ನ ಮದ್ದು ಸೋತಿತು. ನನ್ನ ತಂಗಿ ಗುಣವಾಗಿಲ್ಲ."

ನವಿಲಿನ ಒಂದು ಕಣ್ಣು ಮುಚ್ಚಿತು. ಅಗ್ನಿದತ್ತ ಎದ್ದು, "ನನ್ನ ಗಾಜು ನಾನು ಬೇಕೆಂದದ್ದನ್ನೇ ತೋರಿಸಿತು," ಅಂದ. ಇನ್ನೊಂದು ಕಣ್ಣು ಮುಚ್ಚಿತು. ಜನರ ಗುಂಪಿನಿಂದ ಒಬ್ಬ ತಾಯಿ, "ನನ್ನ ಮಗ ಮಲಗಿಲ್ಲ," ಎಂದು ಬಿಕ್ಕಿದಳು. ಹೀಗೇ ಒಬ್ಬೊಬ್ಬರೂ ತಮಗೆ ಬೇಡವಾದ ನಿಜವನ್ನು ತಾವೇ ಬಾಯಿಬಿಟ್ಟು ಹೇಳುತ್ತಾ ಹೋದರು, ಕಣ್ಣುಗಳು ಮುಚ್ಚುತ್ತಾ ಹೋದವು. ಕೊನೆಯದೂ ಮುಚ್ಚಿದಾಗ ಅಲ್ಲಿ ಉಳಿದದ್ದು ಒಂದು ಬೆದರಿದ ಹಕ್ಕಿ. ಬಾಗಿಲಲ್ಲಿ ತುಂಬೆ ಹೆಗಲವರೆಗೆ ಕಲ್ಲಾಗಿ ನಿಂತಿದ್ದಳು. ಇಂಗಳಿಕ ತನ್ನ ಕೈ ನೋಡಿಕೊಂಡು ಕಿರುಚಿದ. ಅವನೂ ಎಂದೋ ಹೆಗಲವರೆಗೆ ಕಲ್ಲಾಗಿದ್ದ. ತನಗೇನೂ ಆಗಿಲ್ಲ ಎಂದು ಬಯಸಿದ್ದರಿಂದ ಅದು ಅವನಿಗೇ ಕಂಡಿರಲಿಲ್ಲ.

"ಬರಿ ನೀರು ವಾಸಿ ಮಾಡುವುದುಂಟೇ?" ಎಂದ ರಾಜ.

ಕೇತಕಿ ತಂಗಿಯನ್ನು ತಬ್ಬಿಕೊಂಡೇ ಯೋಚಿಸಿದಳು. "ವಾಸಿ ಮಾಡಿದ್ದು ನೀರಿನಲ್ಲಿ ಇದ್ದದ್ದಲ್ಲ ಪ್ರಭು, ಇಲ್ಲದ್ದು. ನಾನು ಮದ್ದು ಅರೆದದ್ದು ಕೆರೆಯ ನೀರಿನಲ್ಲಿ. ಊರೆಲ್ಲ ಕುಡಿಯುವುದೂ ಅದನ್ನೇ. ಆ ಕೆರೆಯಲ್ಲಿ ಏನಿದೆ?"

ಇಂಗಳಿಕ ತಲೆ ತಗ್ಗಿಸಿ ಒಪ್ಪಿಕೊಂಡ. ಊರಿಗೆ ಕಾಣಿಸಿಕೊಳ್ಳುವ ಮೊದಲೇ ಅವನು ನವಿಲನ್ನು ದಿನಾ ಬೆಳಗ್ಗೆ ಆ ಕೆರೆಯಲ್ಲಿ ಮೀಯಿಸುತ್ತಿದ್ದ. ಗರಿಯಿಂದ ಇಳಿದ ಬಣ್ಣವೇ ರೋಗ, ಅದನ್ನೇ ಗಟ್ಟಿಯಾಗಿ ಕಲಸಿದ್ದು ಅವನ ಕೆಂಪು ನೀರು.

ಬೆಂಕಿಕೋಣೆಯ ಒಲೆಗಳು ಅಂದಿನಿಂದ ಆರಲಿಲ್ಲ. ಊರಿಗೆಲ್ಲ ಇಳಿಸಿದ ನೀರು ಹೋಯಿತು. ಕೆರೆಯನ್ನು ಬರಿದು ಮಾಡಿ ಹೂಳೆತ್ತಿದರು. ಮಲಗಿದ್ದಾರೆಂದು ಹೊದಿಸಿಟ್ಟವರೂ ನೀರು ಬಿದ್ದು ನಿಧಾನಕ್ಕೆ ಮೈಮುರಿದು ಎದ್ದರು. ಕೇತಕಿ ಇಂಗಳಿಕನಿಗೂ ಒಂದು ಕುಡಿಕೆ ಕೊಟ್ಟಳು. ಕೈ ಬಂದ ಮೇಲೆ ಅವನನ್ನು ಹೂಳೆತ್ತಲು ಕಳಿಸಿದಳು. ಸಿಂಹಾಸನ ಬೇಡವೆಂದಳು. ಬದಲಿಗೆ ಮಾಡಿದವರು ತೀರ್ಪು ಹೇಳಬಾರದೆಂಬ ಕಟ್ಟಳೆ ಕೇಳಿ ಪಡೆದಳು. ಮುಚ್ಚಿದ ಕಣ್ಣಿನ ನವಿಲು ರಸಶಾಲೆಯ ಅಂಗಳದಲ್ಲಿ ಹುಳು ಹೆಕ್ಕಿಕೊಂಡು ನೆಮ್ಮದಿಯಾಗಿತ್ತು.

ಒಂದು ಬೆಳಗ್ಗೆ ತುಂಬೆ ಬಂದು, ಕಲ್ಲಾಗಿದ್ದ ಕೈಯಿಂದಲೇ ಅಕ್ಕನ ತೋಳನ್ನು ಚಿವುಟಿದಳು. ಚುರ್ರೆಂದಿತು. ಕೇತಕಿಗೆ ನಂಬಬೇಕೆನ್ನಿಸಿತು, ನಂಬಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಅಪರಿಚಿತನೊಬ್ಬನನ್ನು ಕರೆದು, ಏನೂ ಹೇಳದೆ, ತೋಳು ಮುಂದೆ ಮಾಡಿಸಿದಳು. ತುಂಬೆ ಚಿವುಟಿದಳು.

"ಅಯ್ಯೋ, ಯಾರವ್ವ ಈ ಹುಡುಗಿ, ಉಗುರು ಎಷ್ಟು ಚೂಪು," ಎಂದು ಆತ ಬೈದ.

ಆಗ ಕೇತಕಿ ತಂಗಿಯನ್ನು ಎತ್ತಿಕೊಂಡು ಅತ್ತಳು, ನಕ್ಕಳು. ಆ ದಾರಿಹೋಕನನ್ನು ಕೂರಿಸಿ ಹೊಟ್ಟೆ ತುಂಬ ಹೋಳಿಗೆ ಬಡಿಸಿದಳು. ಯಾಕೆಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ಅವರೆಲ್ಲ ಅಲ್ಲಿ ಸುಖವಾಗಿದ್ದರು, ನಾವೂ ಇಲ್ಲಿ ಸುಖವಾಗಿರೋಣ.