ಈ ನಾಲ್ರೆಕ್ಕೆ ಕಟ್ಟಿದವರು ಯಾರು?

ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟಿರದ ಕಾಲದಲ್ಲಿ, ಗಾಳಿಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿಯವರಿಗೆಲ್ಲ ಒಂದೇ ಹುಚ್ಚು, ನಾಲ್ರೆಕ್ಕೆ ಕಟ್ಟುವುದು. ನಡುವೆ ಒಂದು ಹಲಗೆ, ಅದಕ್ಕೆ ನಾಲ್ಕು ತೋಳು, ತೋಳಿನ ತುದಿಗೊಂದು ತಿರುಗುವ ರೆಕ್ಕೆ. ಈಗಿನವರು ಡ್ರೋನ್ ಅಂತಾರಲ್ಲ, ಅದೇ. ಬ್ಯಾಟರಿ ಬದಲು ಒಳಗೊಂದು ಮಂತ್ರದ ಗುಂಡು ಇರುತ್ತಿತ್ತು, ಅಷ್ಟೇ ವ್ಯತ್ಯಾಸ. ಕೆಲವರು ಪೇಟೆಯಿಂದ ಬಿಡಿಭಾಗಗಳ ಪೆಟ್ಟಿಗೆ ತಂದು ಜೋಡಿಸುತ್ತಿದ್ದರು. ಕೆಲವರು ಮರ ಕೊಯ್ಯುವುದರಿಂದ ಹಿಡಿದು ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಪೆಟ್ಟಿಗೆಯವರನ್ನು ಯಾರೂ ಹೀಯಾಳಿಸುತ್ತಿರಲಿಲ್ಲ. ಆದರೆ ಸ್ವಂತ ಕಟ್ಟಿದವರು ಬಂದರೆ ಜನ ಎದ್ದು ನಿಲ್ಲುತ್ತಿದ್ದರು.

ಬಳೆಗಾರರ ತಿಪ್ಪೇಶ ಒಂದು ಪೆಟ್ಟಿಗೆ ತಂದ. ಒಂದೇ ದಿನದಲ್ಲಿ ಜೋಡಿಸಿ ಹಾರಿಸಿದ. ಅದು ಒಂದು ಗೇಣು ಮೇಲೆದ್ದಿತು, ಬುಗುರಿಯ ಹಾಗೆ ಗಿರಗಿರ ತಿರುಗಿತು, ಮುಖ ಕೆಳಗೆ ಮಾಡಿ ಬಿತ್ತು. ತೋಳು ಪುಡಿ, ರೆಕ್ಕೆ ಪುಡಿ.

ಪಕ್ಕದ ಮನೆಯ ಬಡಗಿ ಮೋನಮ್ಮ ಉಳಿ ಹಿಡಿದುಕೊಂಡೇ ಬಂದು ನೋಡಿದಳು. "ಅಯ್ಯೋ ಮಾರಾಯ, ನಾಲ್ಕನ್ನೂ ಒಂದೇ ಕಡೆ ತಿರುಗಿಸಿದ್ದೀಯಲ್ಲೋ! ಈ ಮೂಲೆದೂ ಎದುರು ಮೂಲೆದೂ ಬಲಕ್ಕೆ ತಿರುಗಬೇಕು, ಉಳಿದೆರಡು ಎಡಕ್ಕೆ. ಒಂದು ಜೋಡಿಯ ಜಗ್ಗಾಟವನ್ನು ಇನ್ನೊಂದು ಜೋಡಿ ತಡೀಬೇಕು," ಅಂದಳು. ಎಂಟು ದಿನ ಕೂತು ಶಿವನೆ ಮರದಲ್ಲಿ ಹೊಸ ತೋಳು ಕೆತ್ತಿದಳು, ಹೊಸ ರೆಕ್ಕೆ ಕೆತ್ತಿದಳು. ತಿಪ್ಪೇಶ ಕೀಲುಗಳಿಗೆ ಕೆಂಪು ದಾರ ಸುತ್ತಿದ. ಆ ನಾಲ್ರೆಕ್ಕೆ ಎಷ್ಟು ಚೆನ್ನಾಗಿ ಹಾರಿತು ಅಂದರೆ, ಊರೆಲ್ಲ ಅದರದೇ ಮಾತು.

ಅದೇ ವಾರ ಕಂಟಿಮುಖ ಅನ್ನೋ ಮಾಂತ್ರಿಕ, ಅರಸನ ಏಳು ವರ್ಷದ ಮಗಳು ಇಂಪಾದೇವಿಯ ದನಿಯನ್ನೇ ಕದ್ದುಬಿಟ್ಟ. ಅದನ್ನೊಂದು ಕಂಚಿನ ಗಂಟೆಯೊಳಗೆ ತುಂಬಿದ. ಆಕಾಶಕ್ಕೆ ಎದ್ದ ಬಂಡೆಕಂಬದ ತುದಿಯಲ್ಲಿ, ಗುಡಿಯ ಕಂಬಗಳ ಮೇಲೆ ಸಿಂಹದ ಹಾಗೆ ಕೆತ್ತಿರುತ್ತಾರಲ್ಲ, ಅಂಥ ಕಲ್ಲಿನ ಯಾಳಿ ಕೂತಿತ್ತು. ಅದರ ಕೊರಳಿಗೆ ಗಂಟೆ ಕಟ್ಟಿ, ತಾನೂ ಪಕ್ಕದಲ್ಲಿ ಕೂತ. "ಮೂರನೇ ದಿನ ಹೊತ್ತು ಮುಳುಗಿದರೆ ಈ ದನಿ ನನ್ನದೇ!" ಅಂತ ಕೂಗಿದ. ಪಾಪ, ಮಗು ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಹತ್ತಿರ ಹೋದ ಹಕ್ಕಿಗಳನ್ನು ಯಾಳಿ ಏನೋ ಕೇಳುತ್ತಿತ್ತು. ಉತ್ತರ ಬಾರದೆ ಅವು ಕಲ್ಲಾಗುತ್ತಿದ್ದವು.

ಗಂಟೆಯನ್ನು ಇಳಿಸಿ ತರಲು ಅರಸ ತಿಪ್ಪೇಶನನ್ನು ಕರೆಸಿದ. ತುಂಬಿದ ಸಭೆಯಲ್ಲಿ ನಾಲ್ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂಥ ಕೆಲಸ! ಕಟ್ಟಿದವರು ಯಾರಪ್ಪಾ?" ಅಂದ.

ಸಭೆಯೆಲ್ಲ ಎದ್ದು ನಿಂತಿತ್ತು. ತಿಪ್ಪೇಶನ ನಾಲಿಗೆ ತಾನಾಗಿಯೇ ಓಡಿತು. "ನಾನೇ ಪ್ರಭು. ಮರ ಕೊಯ್ದದ್ದರಿಂದ ಹಿಡಿದು ಎಲ್ಲಾ ನಾನೇ."

ಅರಸ ಅವನಿಗೆ ಜರಿಶಾಲು ಹೊದಿಸಿದ. ಅವನ ತಾಯಿ ಸಂತೋಷಕ್ಕೆ ಅತ್ತಳು. ಹಿಂದೆ ನಿಂತಿದ್ದ ಮೋನಮ್ಮ ತಲೆ ತಗ್ಗಿಸಿದಳು. ತಿಪ್ಪೇಶ ಅದನ್ನು ನೋಡಿದ. ಅವನಿಗೆ ಆ ಶಾಲು ಮೈ ಸುಡತೊಡಗಿತು.

ಮೊದಲ ದಿನ ಬಂಡೆಕಂಬದ ಕೆಳಗಿನ ಬಯಲಿನಲ್ಲಿ ಊರೇ ನೆರೆಯಿತು. ನಾಲ್ರೆಕ್ಕೆ ಭರ್ರನೆ ಏರಿ ಯಾಳಿಯ ಮುಂದೆ ನಿಂತಿತು. ಯಾಳಿ ಕಣ್ಣು ತೆರೆದು, ಬಯಲಿಗೆಲ್ಲ ಕೇಳುವ ಹಾಗೆ ಅಂದಿತು: "ನಿನ್ನನ್ನು ಕಟ್ಟಿದವರು ಯಾರು?"

ಎಲ್ಲರೂ ತಿಪ್ಪೇಶನ ಕಡೆ ತಿರುಗಿದರು. "ನಾನೇ!" ಅಂದ. ಲಟ್ ಅಂತ ಒಂದು ರೆಕ್ಕೆ ಮುರಿದು ನಾಲ್ರೆಕ್ಕೆ ಕೆಳಗೆ ಬಿತ್ತು. "ಗಾಳಿ ಜಾಸ್ತಿ ಇತ್ತು, ಪಾಪ," ಅಂತ ಜನ ಬೆನ್ನು ತಟ್ಟಿದರು. ಬೈದಿದ್ದರೇ ವಾಸಿಯಿತ್ತು. ಸಂಜೆ ಅವನು ಮುರುಕನ್ನು ಮೋನಮ್ಮನ ಜಗಲಿಯಲ್ಲಿ ಇಟ್ಟ. ಕತ್ತೆತ್ತಿ ನೋಡಲಾಗಲಿಲ್ಲ. ಅವಳು ರಾತ್ರಿಯೇ ಸರಿಮಾಡಿ ಕೊಟ್ಟಳು.

ಎರಡನೇ ದಿನ ಯಾಳಿ ಮತ್ತೆ ಕೇಳಿತು: "ನಿನ್ನನ್ನು ಕಟ್ಟಿದವರು ಯಾರು?"

ತಿಪ್ಪೇಶ ಶಾಲು ಸರಿಮಾಡಿಕೊಂಡ. "ನಾನು... ಜೊತೆಗೆ ಪೆಟ್ಟಿಗೆ ಮಾರಿದವನು, ಸ್ವಲ್ಪ." ನೋಡಿ, ಸುಳ್ಳಿಗೆ ಸ್ವಲ್ಪ ನಿಜ ಬೆರೆಸಿದ, ಬೆಪ್ಪ! ಲಟ್ ಲಟ್ ಅಂತ ಎರಡು ರೆಕ್ಕೆ ಮುರಿದವು.

ಸಂಜೆ ಮತ್ತೆ ಅದೇ ಜಗಲಿ. "ಮೋನಮ್ಮಾ, ನನಗೋಸ್ಕರ ಇಷ್ಟು ಯಾಕೆ..." ಅಂತ ಶುರು ಮಾಡಿದ.

"ನಿನಗೋಸ್ಕರ ಯಾರು ಮಾಡ್ತಿದ್ದಾರೆ? ಆ ಮಗುಗೋಸ್ಕರ," ಅಂದಳು ಮೋನಮ್ಮ, ಉಳಿಯಿಂದ ಕಣ್ಣು ತೆಗೆಯದೆ. ತಿಪ್ಪೇಶನಿಗೆ ನಿಂತ ನೆಲವೇ ನುಂಗಬಾರದೇ ಅನ್ನಿಸಿತು.

ಮೂರನೇ ದಿನ ಹೊತ್ತು ಇಳಿಯುತ್ತಿತ್ತು. ಇಂಪಾದೇವಿ ಬಂದು ತಿಪ್ಪೇಶನ ಪಕ್ಕದಲ್ಲೇ ನಿಂತಳು. ಏನೋ ಹೇಳಲು ಬಾಯಿ ತೆರೆದಳು, ಬರೀ ಗಾಳಿ ಬಂತು. ನಾಲ್ರೆಕ್ಕೆ ಮತ್ತೆ ಏರಿತು, ಯಾಳಿ ಕೇಳಿತು:

"ನಿನ್ನನ್ನು ಕಟ್ಟಿದವರು ಯಾರು?"

ತಿಪ್ಪೇಶ ಶಾಲು ತೆಗೆದು ನೆಲಕ್ಕಿಟ್ಟ. "ಹಲಗೆ ಪೆಟ್ಟಿಗೆಯದು," ಅಂದ. "ಗುಂಡು ಪೆಟ್ಟಿಗೆಯದು. ತೋಳು ಮೋನಮ್ಮಂದು. ರೆಕ್ಕೆ ಮೋನಮ್ಮಂದು. ನಾಲ್ಕನ್ನೂ ಒಂದೇ ಕಡೆ ತಿರುಗಿಸಿ ಕೆಡಿಸಿದವನು ನಾನು. ಎರಡು ದಿನ ಮುರಿಸಿದವನೂ ನಾನು. ದಾರ ಸುತ್ತಿದ್ದೊಂದೇ ನಂದು. ಸುಳ್ಳು ಹೇಳಿದೆ."

ಅವನ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಯಾಳಿ ಕೊರಳು ಬಗ್ಗಿಸಿತು. ನಾಲ್ರೆಕ್ಕೆ ಗಂಟೆಯನ್ನು ತನ್ನ ಅಡಿಗೆ ಕಟ್ಟಿದ್ದ ಕೊಕ್ಕೆಯಲ್ಲಿ ಎತ್ತಿಕೊಂಡಿತು. ಆಮೇಲೆ ಯಾಳಿ ಕಂಟಿಮುಖನ ಕಡೆ ತಿರುಗಿತು. "ನಿನ್ನ ಮಂತ್ರ ಕಟ್ಟಿದವರು ಯಾರು?"

"ನಾನೇ!" ಅಂದ ಅವನು. ಗುರುವಿನಿಂದ ಕದ್ದ ಮಂತ್ರ ಅದು. ಅಲ್ಲೇ ಕಲ್ಲಾದ. ಕಲ್ಲಾಗಿದ್ದ ಹಕ್ಕಿಗಳೆಲ್ಲ ರೆಕ್ಕೆ ಬಡಿದು ಹಾರಿಹೋದವು.

ಗಂಟೆ ಬಾರಿಸಿದರು. ಇಂಪಾದೇವಿ ಕೆಮ್ಮಿದಳು. ತಿಪ್ಪೇಶನನ್ನು ನೋಡಿ ಮೊದಲ ಮಾತು ಆಡಿದಳು: "ಇಷ್ಟು ಹೇಳೋಕೆ ಮೂರು ದಿನ ಬೇಕಾಯ್ತಾ?"

"ನಾಚಿಕೆ ಆಗ್ತಿತ್ತು ತಾಯಿ."

"ಈಗ?"

"ಈಗಲೂ ಆಗ್ತಿದೆ."

ಜರಿಶಾಲು ಮೋನಮ್ಮನ ಹೆಗಲೇರಿತು. ಅಂದಿನಿಂದ ಗಾಳಿಪುರದಲ್ಲಿ ನಾಲ್ರೆಕ್ಕೆ ಹಾರಿಸುವ ಮುಂಚೆ ಒಂದೊಂದು ಭಾಗವನ್ನೂ ಮುಟ್ಟಿ, ಮಾಡಿದವರ ಹೆಸರು ಹೇಳುವುದು ಪದ್ಧತಿಯಾಯಿತು. ತಿಪ್ಪೇಶ ಮೋನಮ್ಮನ ಹತ್ತಿರ ಕೆಲಸ ಕಲಿಯಲು ಕೂತ. ನಾಲ್ಕು ವರ್ಷ ಬರೀ "ದಾರ ನಂದು" ಅಂದ. ಐದನೇ ವರ್ಷ ಬಯಲಿನಲ್ಲಿ ಒಂದು ತೋಳು ಮುಟ್ಟಿದ, ಮೋನಮ್ಮನ ಮುಖ ನೋಡಿದ.

"ಹೇಳೋ, ಅದು ನಿಂದೇ," ಅಂದಳು ಮೋನಮ್ಮ.

ಅವಳೂ ಸುಖವಾಗಿದ್ದಳು, ಅರಸನೂ ಮಗಳೂ ಊರೂ ಸುಖವಾಗಿದ್ದರು. ತಿಪ್ಪೇಶನೂ ಅಷ್ಟೇ. ಶಾಲು ಕಂಡಾಗ ಮಾತ್ರ ಅವನ ಕಿವಿ ಕೆಂಪಾಗುತ್ತಿತ್ತು.