ಕೌಜುಗದ ಮುಸುಕು

"ಶೇವಂತಾ! ನಿನ್ನ ಹಕ್ಕಿಗೆ ಚುಪ್ ಅನ್ನು. ಇಲ್ಲಾಂದ್ರ ಇಬ್ಬರೂ ಹೊರಗ ನಡೀರಿ!"

ಉಸ್ತಾನಿ ಖುರ್ಷೀದ್ ಬೇಗಂ ಬೆತ್ತದಿಂದ ಬಾಗಿಲು ತೋರಿಸಿದರು. ಕಲಬುರಗಿಯಲ್ಲಿ ಆಗ ಮದ್ರಸಾ ಅಂದರೆ ಎಲ್ಲ ಜಾತಿಯವರೂ ಕಲಿಯುವ ಉರ್ದು ಶಾಲೆ; ಹೆಣ್ಣುಮಕ್ಕಳ ಈ ಮದ್ರಸಾದಲ್ಲಿ ಮೂವತ್ತು ಹುಡುಗಿಯರು ಅಲಿಫ್, ಬೇ, ಪೇ ಒಪ್ಪಿಸುತ್ತಿದ್ದರು. ಶೇವಂತಾಳ ಪಕ್ಕದ ಬಿದಿರಿನ ಪಂಜರದಲ್ಲಿ ಅವರೆಲ್ಲರಿಗಿಂತ ಜೋರಾಗಿ ಬೇರೆಯೇ ಪಾಠ ನಡೆದಿತ್ತು.

"ಕ-ತೀತರ್! ಕ-ತೀತರ್!"

ಶೇವಂತಾ ಸರಕ್ಕನೆ ಪಂಜರದ ಮೇಲೆ ಕರಿ ಮುಸುಕು ಎಳೆದಳು. ಕತ್ತಲಾಯಿತು ಅಂದುಕೊಂಡು ಕೌಜುಗ ಗಪ್ಪಾಯಿತು.

"ಮನ್ಯಾಗ ಬಿಟ್ಟು ಬರಾಕ ಏನಾಗ್ಯಾದ?"

"ಬೆಕ್ಕು ಅದ ರೀ, ಉಸ್ತಾನಿ."

"ಬೆಕ್ಕೇ ಶಾಣ್ಯಾ ಅದ," ಎಂದು ಉಸ್ತಾನಿ ಗೊಣಗಿದರು. ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

ಇದೆಲ್ಲ ಅವ್ವನ ತಮ್ಮ ಯಂಕಪ್ಪ ಮಾಮಾನ ಕೆಲಸ. ಕಮಲಾಪುರದಿಂದ ಬಂದವನು, ಬೀದರಿಗೆ ಹೋಗಿ ಎಂಟು ದಿನಕ್ಕೆ ಬರುತ್ತೇನೆಂದು ಈ ಹಕ್ಕಿಯನ್ನು ಅವಳ ಕೊರಳಿಗೆ ಕಟ್ಟಿಹೋಗಿದ್ದ.

"ಛಲೋ ನೋಡಿಕೊಂಡ್ರ ನಮ್ಮೂರ ಕೆಂಪು ಬಾಳಿಹಣ್ಣಿನ ಗೊನಿ ಪೂರಾ ನಿನಗ. ಶಿಕಾರಿಗೂ ಕರಕೊಂಡು ಹೋಗ್ತೀನಿ."

ಪೂರಾ ಗೊನೆ! ಶೇವಂತಾ ಒಪ್ಪಿದ್ದಳು. ಆಮೇಲೆ ಶುರುವಾಯಿತು ಗೋಳು. ದಿನಾ ಬೆಳಗಾದರೆ ಗೆದ್ದಲು ಅಗೆದು ತರಬೇಕು. ಸತ್ತ ಗೆದ್ದಲು ಮಹಾರಾಜರಿಗೆ ಆಗದು. ತಿನ್ನಿಸಲು ಹೋದರೆ ಬೆರಳನ್ನೇ ಕುಕ್ಕುವುದು. ಕೂಗು ಅಂದಾಗ ಕೂಗದು. ಉಸ್ತಾನಿ ಬಾಯಿ ತೆರೆದರೆ ಸಾಕು, ಇದೂ ತೆರೆಯುತ್ತಿತ್ತು.

"ದರಿದ್ರದ್ದೇ! ಯಾರನ್ನ ಕರೀತಿ ಅಷ್ಟು? ಇಲ್ಲಿ ನಿನ್ನೋರು ಯಾರದಾರ?" ಎಂದು ಶೇವಂತಾ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು.

ಒಂಬತ್ತನೆಯ ದಿನ ಮಾಮಾ ಬಂದ. ಎತ್ತಿನ ಬಂಡಿಯಲ್ಲಿ ಅವನು, ಅವಳು, ಪಂಜರ ಎಲ್ಲ ಕಮಲಾಪುರ ಸೇರಿದರು. ಮರುದಿನ ಬೆಳಿಗ್ಗೆ ಮಾಮಾ ಊರಾಚೆಯ ಕುರುಚಲಿನ ನಡುವೆ ಪಂಜರವಿಟ್ಟು, ಸುತ್ತಲೂ ಕುದುರೆ ಕೂದಲಿನ ಉರುಲು ನೆಟ್ಟ.

"ನಮ್ಮದು ಕೂಗಿದ್ರ ಅಡವೀದು 'ನನ್ನ ಜಾಗಾದಾಗ ಯಾವನಲೇ ಅವ' ಅಂತ ಜಗಳಕ್ಕ ಬರ್ತದ. ಬಂದು ಉರುಲಿಗೆ ಬೀಳ್ತದ. ನಾ ಕೈ ಎತ್ತಿದ ಕೂಡಲೇ ನೀ ಮುಸುಕು ತೆಗಿ."

ಅವನು ಕೈ ಎತ್ತಿದ. ಅವಳು ತೆಗೆದಳು. ಕೌಜುಗ ಕೂಗಿತು. ಪೊದೆಯಾಚೆಯಿಂದ ಉತ್ತರ ಬಂತು. ಅಂಥದೇ ಬೂದು ಹಕ್ಕಿಯೊಂದು ಎದೆಯುಬ್ಬಿಸಿಕೊಂಡು ಓಡೋಡಿ ಬಂತು. ಮರುಕ್ಷಣ ಕಾಲು ಸಿಕ್ಕಿ ಪಟಪಟನೆ ಬಡಿದುಕೊಂಡಿತು. ಮಾಮಾ ಅದನ್ನು ಜೋಳಿಗೆಗೆ ತುರುಕಿದ.

ಜೋಳಿಗೆ ಅಲ್ಲಾಡುತ್ತಲೇ ಇತ್ತು. ಪಂಜರದ್ದು ಅದರತ್ತ ತಿರುಗಿ, ಕತ್ತು ಉದ್ದ ಮಾಡಿ ಕೂಗುತ್ತಲೇ ಇತ್ತು.

"ಮುಸುಕು ಹಾಕು, ಸಾಕು," ಅಂದ ಮಾಮಾ. ಹಾಕಿದಳು.

ಸ್ವಲ್ಪ ಹೊತ್ತಿಗೆ ಪೊದೆಯಾಚೆ ಇನ್ನೊಂದು ದನಿ ಕೇಳಿತು. ಮಾಮಾ ಕೈ ಎತ್ತಿದ.

ಶೇವಂತಾಳ ಬೆರಳು ಮುಸುಕಿನ ದಾರದ ಮೇಲಿತ್ತು. ಬಿಚ್ಚುವ ಬದಲು ಅದು ಒಂದು ಗಂಟು ಹಾಕಿತು. ಅದರ ಮೇಲೆ ಮತ್ತೊಂದು.

"ತೆಗೀ!" ಮಾಮಾ ಪಿಸುಗುಟ್ಟಿದ.

"ಗಂಟು ಬಿಗಿದದ ಮಾಮಾ."

"ಹಲ್ಲಿಲೆ ಬಿಚ್ಚು!"

"ಮುಂದಿನ ಹಲ್ಲು ಬಿದ್ದದಲ್ಲ, ಮಾಮಾ."

ಆಚೆಯ ದನಿ ಎರಡು ಸಲ ಕರೆಯಿತು. ಉತ್ತರ ಸಿಗಲಿಲ್ಲ. ಭರ್ರನೆ ರೆಕ್ಕೆಯ ಸದ್ದು. ಆಮೇಲೆ ಏನೂ ಇಲ್ಲ.

"ಯಪ್ಪಾ! ಈ ಹುಡುಗೀನ್ನ ಯಾಕರ ಕರಕೊಂಡು ಬಂದೆನೋ!" ಮಾಮಾ ಹಣೆ ಹಣೆ ಬಡಿದುಕೊಂಡ. ಗೊನೆಯ ಮಾತು ಅಲ್ಲಿಗೇ ಮುಗಿಯಿತು. ಸಿಕ್ಕಿದ್ದು ಒಂದೇ ಹಣ್ಣು.

ಮಾಮಾನ ಮನೆಯ ಕಟ್ಟೆಯ ಮೇಲೆ ಕೂತು ಶೇವಂತಾ ಗಂಟು ಬಿಚ್ಚಿದಳು. ಹಣ್ಣಿನ ಚೂರೊಂದನ್ನು ಪಂಜರದೊಳಕ್ಕೆ ಚಾಚಿದಳು. ಕೌಜುಗ ಹಣ್ಣು ಬಿಟ್ಟು, ಎಂದಿನಂತೆ ಅವಳ ಬೆರಳನ್ನೇ ಕುಕ್ಕಿತು.

ಶೇವಂತಾ ಈ ಸಲ ಬೈಯಲಿಲ್ಲ. ಬೆರಳನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.